ಕೆರೆಯ ಕಾವಲು: ನೀರಗಂಟಿಯಿಂದ ಪ್ರಾಧಿಕಾರದವರೆಗೆ

ಕನ್ನಡನಾಡಿನ ಇತಿಹಾಸವೆಂದರೆ ರಾಜರ ಇತಿಹಾಸವೆಂದೇ ನಾವು ಓದಿ ಬಂದವರು. ಕದಂಬ, ಗಂಗ, ಚಾಲುಕ್ಯ, ಹೊಯ್ಸಳ ಎಂದು ಬಾಯಿಪಾಠ ಮಾಡಿದೆವು. ಅದೇ ಅರಸರ ಕಾಲದ ಶಾಸನಗಳಲ್ಲಿ ಯುದ್ಧದ ಮಾತಿನೊಡನೆ ಕೆರೆಯ ಮಾತೂ ಮತ್ತೆ ಮತ್ತೆ ಬರುವುದುಂಟು. ಕೆರೆ ಕಟ್ಟಿಸಿದವರಿಗೂ ಅದನ್ನು ಸುಸ್ಥಿತಿಯಲ್ಲಿ ಇಡುವವರಿಗೂ ಬಿಟ್ಟ ಭೂಮಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಮೊದಲಾದ ಹೆಸರುಗಳಿದ್ದವು. ಅಂದರೆ ದುರಸ್ತಿಯ ಖರ್ಚಿಗೆ ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಕಲ್ಲಿನ ಮೇಲೆಯೇ ಉತ್ತರ ಬರೆದಿಟ್ಟಿದ್ದರು.

ಊರಿನಲ್ಲಿ ಈ ಕೆಲಸದ ಮುಖ್ಯಸ್ಥನು ನೀರಗಂಟಿ. ತೂಬು ಎತ್ತುವವನು, ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡುವವನು, ಏರಿಯಲ್ಲಿ ಬಿರುಕು ಕಂಡರೆ ಊರನ್ನು ಕೂಗಿ ಎಬ್ಬಿಸುವವನು ಅವನೇ. ಸುಗ್ಗಿಯಲ್ಲಿ ಅವನಿಗೆ ಧಾನ್ಯದ ಪಾಲು ಸಲ್ಲುತ್ತಿತ್ತು. ಕೆರೆ ಒಡೆದರೆ ಯಾರನ್ನು ಕೇಳಬೇಕೆಂಬುದು ಊರಿನ ಮಗುವಿಗೂ ಗೊತ್ತಿತ್ತು!

ಮೈಸೂರು ಸೀಮೆಯ ಕೆರೆಗಳು ಒಂಟಿಯಲ್ಲ, ಸರಪಣಿ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರುವುದು. ಬ್ಯಾಂಕಿನವನ ಭಾಷೆಯಲ್ಲಿ ಹೇಳುವುದಾದರೆ, ಒಂದು ಪುಟದ ಅಂತ್ಯದ ಶಿಲ್ಕು ಮುಂದಿನ ಪುಟದ ಆರಂಭದ ಶಿಲ್ಕು. ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯವರು ಈ ಜಾಲವನ್ನು ಕಂಡು, ಇಲ್ಲಿ ಹೊಸ ಕೆರೆಗೆ ಸ್ಥಳ ಹುಡುಕುವುದೇ ದುಸ್ತರ, ಕಟ್ಟಿದರೂ ಅದು ಕೆಳಗಿನ ಕೆರೆಯ ನೀರನ್ನು ಕಸಿದೀತು ಎಂಬರ್ಥದ ಮಾತನ್ನು ಬರೆದಿಟ್ಟಿದ್ದಾರೆ.

ಬ್ರಿಟಿಷ್ ಕಮಿಷನರರ ಆಡಳಿತದಲ್ಲಿ ದುರಸ್ತಿಯ ಹೊಣೆ ಕ್ರಮೇಣ ಮರಾಮತ್ ಇಲಾಖೆಯ ಕಡೆಗೆ ಸರಿಯಿತು. ಊರವರ ಕೈ ಸಡಿಲವಾಯಿತು. ಇದನ್ನು ಸರಿಪಡಿಸಲೆಂದು ಮೈಸೂರು ಸರ್ಕಾರ 1911ರಲ್ಲಿ ಟ್ಯಾಂಕ್ ಪಂಚಾಯತಿ ರೆಗ್ಯುಲೇಷನ್ ತಂದು, ಕೆರೆಯನ್ನು ಊರಿನ ಪಂಚಾಯತಿಗೆ ಒಪ್ಪಿಸುವ ದಾರಿ ಮಾಡಿತು. ವಿಶ್ವಬ್ಯಾಂಕಿನ ಸಾಲದಿಂದ 2002ರಲ್ಲಿ ಆರಂಭವಾದ ಸಮುದಾಯ ಕೆರೆ ಯೋಜನೆಯ ಬಳಕೆದಾರರ ಸಂಘಗಳನ್ನು ನೋಡಿದರೆ, ತೊಂಬತ್ತು ವರ್ಷದ ಹಿಂದಿನ ಆಲೋಚನೆಯೇ ಹೊಸ ಅಂಗಿ ತೊಟ್ಟು ಬಂದಂತಿದೆ.

ಬೆಂಗಳೂರಿನ ಕಥೆ ಬೇರೆ. ಗದ್ದೆ ಹೋದ ಮೇಲೆ ನೀರಗಂಟಿಗೆ ಕೆಲಸವೆಲ್ಲಿ? ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಉಳಿದವನ್ನಾದರೂ ಒಡೆಯಬಾರದೆಂದು 1980ರ ದಶಕದಲ್ಲಿ ಲಕ್ಷ್ಮಣರಾವ್ ಸಮಿತಿ ಹೇಳಿತು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ, 2014ರ ಶಾಸನದಿಂದ ಇನ್ನೊಂದು ಪ್ರಾಧಿಕಾರ, 2018ರಲ್ಲಿ ಅದನ್ನು ರದ್ದುಮಾಡಿ ಅಧಿಕಾರ ಮತ್ತೊಂದಕ್ಕೆ. ಕೆರೆಯ ಸುತ್ತ 75 ಮೀಟರ್ ಬಿಡಬೇಕೆಂದು ಹಸಿರು ನ್ಯಾಯಮಂಡಳಿ 2016ರಲ್ಲಿ ಆದೇಶಿಸಿತು. ಆ ವಿಸ್ತರಣೆಯನ್ನು ಸುಪ್ರೀಂ ಕೋರ್ಟು 2019ರಲ್ಲಿ ತಳ್ಳಿಹಾಕಿತು. ಈ ನಡುವೆ ಬೆಳ್ಳಂದೂರು ಕೆರೆ ನೊರೆಯುಗುಳಿತು, ನೀರಿನ ಮೇಲೆ ಬೆಂಕಿಯೂ ಹತ್ತಿತು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಬಡಾವಣೆಗಳಿಗೆ ನುಗ್ಗಿದ ನೀರು ತನ್ನ ಹಳೆಯ ದಾರಿಯನ್ನೇ ಹುಡುಕಿಕೊಂಡು ಬಂದಿತ್ತು. ಸಮಿತಿಗಳು ಕಡಿಮೆಯಾದವೆಂದು ಯಾರೂ ಹೇಳಲಾರರು. ರಾಜಕಾಲುವೆಯ ಪಕ್ಕದಲ್ಲಿ ರಾತ್ರಿ ನಿಲ್ಲುವವನು ಯಾರೆಂಬುದು ಮಾತ್ರ ಯಾವ ಕಡತದಲ್ಲಿಯೂ ಸ್ಪಷ್ಟವಿಲ್ಲ ಎಂದು ನನಗೆ ತೋರುತ್ತದೆ.

ಇದು ತೌರಿನ ಸುದ್ದಿ, ದೆಹಲಿ ಸೀಮೆಗೆ ಬಂದ ನಮಗೇನು ಎನ್ನುವಂತಿಲ್ಲ. ನಮ್ಮ ಇಂದಿರಾಪುರಂ ಯಮುನೆಗೂ ಹಿಂಡನ್ ನದಿಗೂ ನಡುವಣ ನೆಲ. 2023ರ ಜುಲೈಯಲ್ಲಿ ಯಮುನೆ ದೆಹಲಿಯಲ್ಲಿ 208.66 ಮೀಟರ್ ಏರಿ ಹಿಂದಿನ ದಾಖಲೆಗಳನ್ನೆಲ್ಲ ಮೀರಿತು. ಅದೇ ತಿಂಗಳು ಹಿಂಡನ್ ಕೂಡ ಉಕ್ಕಿ ಗಾಜಿಯಾಬಾದಿನ ತಗ್ಗು ಮನೆಗಳಿಗೆ ನುಗ್ಗಿತು. 2017ರ ಕೇಂದ್ರ ನಿಯಮಾವಳಿಯಂತೆ ಪ್ರತಿ ರಾಜ್ಯದಲ್ಲಿಯೂ ಜೌಗು ನೆಲಗಳಿಗೊಂದು ಪ್ರಾಧಿಕಾರ ಇರತಕ್ಕದ್ದು. ನಮ್ಮ ಅಂಗಳದ ಮಳೆನೀರು ಯಾವ ಚರಂಡಿಯಿಂದ ಯಾವ ನದಿಗೆ ಸೇರುತ್ತದೆಂದು ನಮ್ಮ ನಿವಾಸಿಗಳ ಸಭೆಯಲ್ಲಿ ಕೇಳಿದರೆ ತಪ್ಪೇನು?

ಸಂಘದ ಬಂಧುಗಳಲ್ಲಿ ಒಂದು ವಿನಂತಿ. ಈ ಸಲ ಊರಿಗೆ ಹೋದವರು ತಮ್ಮ ಊರ ಕೆರೆಯ ಹೆಸರು, ಅದರ ಕೋಡಿ ಎಲ್ಲಿಗೆ ಹರಿಯುತ್ತಿತ್ತು, ಕೊನೆಯ ನೀರಗಂಟಿ ಯಾರ ಮನೆಯವನು ಎಂಬಿಷ್ಟನ್ನು ಹಿರಿಯರಿಂದ ಕೇಳಿ ಬರೆದುಕೊಂಡು ಬನ್ನಿ. ಮುಂದಿನ ಸಂಚಿಕೆಗೆ ಅವನ್ನೆಲ್ಲ ಒಂದು ಪಟ್ಟಿಯಾಗಿ ಜೋಡಿಸಿಕೊಡುವ ಕೆಲಸ ನನ್ನದು.