ಸ್ವಸಂಸ್ಥಾನ, ಪರಸಂಸ್ಥಾನ: ಗುಪ್ತಾಯುಧದ ಪರವಾನಗಿ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಆಯುಧವನ್ನು ಮರೆಮಾಡಿ ಧರಿಸುವುದನ್ನು ಮೊದಮೊದಲು ನಿಷೇಧಿಸಿದ ಶಾಸನಗಳಲ್ಲಿ ಕೆಂಟಕಿಯ 1813ರ ಶಾಸನವೂ ಒಂದು. ಜೇಬಿನ ಪಿಸ್ತೂಲು, ಬಾಕು, ದೊಡ್ಡ ಚೂರಿ, ಊರುಗೋಲಿನೊಳಗಿನ ಕತ್ತಿ ಇವುಗಳನ್ನು ಅಡಗಿಸಿಕೊಂಡವನಿಗೆ ನೂರು ಡಾಲರಿಗೆ ಕಡಮೆಯಿಲ್ಲದ ದಂಡ. ಪ್ರಯಾಣದಲ್ಲಿರುವವನಿಗೆ ಮಾತ್ರ ವಿನಾಯಿತಿ. 1822ರಲ್ಲಿ ಅಲ್ಲಿನ ನ್ಯಾಯಾಲಯವೇ ಈ ಶಾಸನವನ್ನು ಅಸಿಂಧುವೆಂದಿತಾದರೂ ಆ ವಿನಾಯಿತಿಯನ್ನು ನಾವು ಗಮನಾರ್ಹವೆಂದೆಣಿಸುತ್ತೇವೆ. ಅಂದು ಶಾಸನದ ಶಂಕೆಯಿದ್ದುದು ನೆಲೆನಿಂತವನ ಮೇಲೆ, ದಾರಿಗನ ಮೇಲಲ್ಲ.

ಪರವಾನಗಿಯ ಪದ್ಧತಿಯು ಈ ಸಂಬಂಧವನ್ನು ತಲೆಕೆಳಗು ಮಾಡಿತು. ಒಂದು ಸಂಸ್ಥಾನದ ಪರವಾನಗಿಯನ್ನು ಮತ್ತೊಂದು ಸಂಸ್ಥಾನವು ಮನ್ನಿಸಿದರೆ ಮಾತ್ರ ಅದು ಗಡಿಯಾಚೆ ನಡೆದೀತು. ಅರ್ಹರೆಲ್ಲರಿಗೂ ಪರವಾನಗಿ ಕೊಡತಕ್ಕದ್ದೆಂದು ಫ್ಲಾರಿಡಾ 1987ರಲ್ಲಿ ವಿಧಿಸಿತು. ಕಾಲಕ್ರಮದಲ್ಲಿ ಪರಸ್ಥಳದವರೂ ಅದನ್ನು ಪಡೆಯತೊಡಗಿದರು. ಪೆನ್ಸಿಲ್ವೇನಿಯಾದ ಫಿಲಡೆಲ್ಫಿಯಾದಲ್ಲಿ ಪೋಲೀಸರಿಂದ ನಿರಾಕರಣೆ ಹೊಂದಿದ ಕೆಲವರು ಫ್ಲಾರಿಡಾದ ಪರವಾನಗಿ ತರಿಸಿಕೊಂಡು ತಮ್ಮ ಊರಿನಲ್ಲಿಯೇ ಆಯುಧ ಧರಿಸಿದರು. ಪಥಿಕನಿಗಾಗಿ ಏರ್ಪಟ್ಟ ಸೌಲಭ್ಯ ಮನೆ ಬಿಡದವನಿಗೆ ಒದಗಿತು! ಇದು ಸ್ವಸಂಸ್ಥಾನದ ಅಧಿಕಾರಕ್ಕೇ ಬಿದ್ದ ಕನ್ನವೆಂಬುದು ನಮ್ಮ ಮತ. 2013ರಲ್ಲಿ ಪೆನ್ಸಿಲ್ವೇನಿಯಾ ಒಪ್ಪಂದವನ್ನು ತಿದ್ದಿ, ಫ್ಲಾರಿಡಾದ ನಿವಾಸಿಗಳ ಪರವಾನಗಿಯನ್ನು ಮಾತ್ರ ಮನ್ನಿಸತೊಡಗಿತು. ಅದಕ್ಕೂ ಮೊದಲೇ, 2011ರಲ್ಲಿ, ಯೂಟಾ ತನ್ನ ಪರವಾನಗಿಯನ್ನು ಮನ್ನಿಸುವ ಸಂಸ್ಥಾನಗಳ ಅರ್ಜಿದಾರರು ಮೊದಲು ಸ್ವಸಂಸ್ಥಾನದ ಪರವಾನಗಿ ಪಡೆದಿರಬೇಕೆಂದು ವಿಧಿಸಿತ್ತು.

ಕೆಂಟಕಿಯಲ್ಲಿ 2019ರಿಂದ ಇಪ್ಪತ್ತೊಂದು ವರ್ಷ ತುಂಬಿದ ಅರ್ಹರಿಗೆ ಪರವಾನಗಿಯೇ ಬೇಕಿಲ್ಲ. ಆದರೂ ಗಡಿ ದಾಟುವವರ ಅನುಕೂಲಕ್ಕೆಂದು ಅದನ್ನು ಕೊಡುವ ಕ್ರಮ ನಿಂತಿಲ್ಲ.