ಒಂದು ಸೆಕೆಂಡಿನ ನಕ್ಷೆ

ದೊಮ್ಮಲೂರಿನ ಹತ್ತಿರದ ಎಂಬೆಸಿ ಗಾಲ್ಫ್ ಲಿಂಕ್ಸ್ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡಿದವರಿಗೆ ಆ ಪಕ್ಕದ ಹಸಿರು ಗೊತ್ತು. ಅದು ಕರ್ನಾಟಕ ಗಾಲ್ಫ್ ಅಸೋಸಿಯೇಶನ್ನಿನ ಮೈದಾನ. ಒಂದು ಕಾಲಕ್ಕೆ ಚಲ್ಲಘಟ್ಟ ಕೆರೆ. (ಆ ಕೆರೆಯ ಕತೆ ಬೇರೆಯೇ ಬರೆಯಬೇಕು.) ಚಿನ್ನಿದಾಂಡು ಮತ್ತು ಟೆನ್ನಿಸ್ ಬಾಲ್ ಕ್ರಿಕೆಟ್ ಬಿಟ್ಟರೆ ಕೋಲಿನಲ್ಲಿ ಹೊಡೆಯುವ ಬೇರೆ ಆಟವನ್ನೇ ಕಾಣದ ಹಳದೀಪುರದವನಾದ ನಾನು ಈಗ ಭಾನುವಾರ ಬೆಳಿಗ್ಗೆ ಡ್ರೈವಿಂಗ್ ರೇಂಜಿಗೆ ಹೋಗುತ್ತೇನೆ. ನಗಬೇಡಿ, ಬಂದವರಲ್ಲಿ ಅರ್ಧ ಜನ ನಮ್ಮಂಥವರೇ.

ಅಲ್ಲಿ ಕಲಿಯುವವರ ಕೈಯಲ್ಲಿ ಒಂದು ನೋಟ್‌ಬುಕ್ ಇರ್ತದೆ. ಹಾಳೆಯ ನಡುವೆ ‘ಸ್ವಿಂಗ್’ ಅಂತ ಬರೆದು, ಸುತ್ತ ಹಿಡಿತ, ನಿಲುವು, ಭುಜ, ಸೊಂಟ, ಮಣಿಕಟ್ಟು ಅಂತ ಕೊಂಬೆ ಎಳೆದ ಮೈಂಡ್ ಮ್ಯಾಪ್. ಆದರೆ ಇಡೀ ಸ್ವಿಂಗ್ ಮುಗಿಯೋದು ಸುಮಾರು ಒಂದು ಸೆಕೆಂಡಿನಲ್ಲಿ. ಮೇಲೆತ್ತಿದ ಕೋಲು ಚೆಂಡಿಗೆ ಇಳಿಯಲು ಕಾಲು ಸೆಕೆಂಡು ಸಾಕು. ಅಷ್ಟರೊಳಗೆ ಹತ್ತು ಕೊಂಬೆ ಯಾರು ಓದ್ತಾರೆ? ಈ ಪ್ರಶ್ನೆಗೆ ದೊಡ್ಡ ಇತಿಹಾಸವೇ ಇದೆ.

1957ರಲ್ಲಿ ಅಮೆರಿಕದ ಬೆನ್ ಹೋಗನ್ ತನ್ನ ಐದು ಪಾಠಗಳನ್ನು ಪ್ರಕಟಿಸಿದ. ಅದಕ್ಕೆ ಚಿತ್ರ ಬರೆದವನು ಆಂಥನಿ ರವಿಯೆಲ್ಲಿ, ದೇಹರಚನೆಯ ಚಿತ್ರಗಳಲ್ಲಿ ಪಳಗಿದ ಕೈ. ಆ ಪುಸ್ತಕದಿಂದ ಜನರ ತಲೆಯಲ್ಲಿ ಉಳಿದದ್ದು ಒಂದೇ ಚಿತ್ರ. ಚೆಂಡಿನಿಂದ ಆಟಗಾರನ ಹೆಗಲವರೆಗೆ ಓರೆಯಾಗಿ ಒರಗಿಸಿದ ಗಾಜಿನ ಹಲಗೆ, ಅದರ ತೂತಿನಿಂದ ಹೊರಗೆ ಬಂದ ತಲೆ. ಗಾಜು ಒಡೆಯದಂತೆ ಕೋಲು ತಿರುಗಿಸು, ಅಷ್ಟೆ. ಮೈಂಡ್ ಮ್ಯಾಪ್ ಅನ್ನೋ ಹೆಸರು ಬರುವ ಮುಂಚೆಯೇ ಒಳ್ಳೆಯ ನಕ್ಷೆ ಹೇಗಿರಬೇಕು ಅಂತ ಅಲ್ಲಿ ಕಾಣ್ತದೆ.

ಆಮೇಲೆ ಬಂದವನು ನಮ್ಮ ಜಾತಿಯವನು, ಇಂಜಿನಿಯರ್ ಜಾತಿ ಅಂತ ನನ್ನ ಅರ್ಥ. ಹೋಮರ್ ಕೆಲಿ ಎರಡು ದಶಕಕ್ಕೂ ಹೆಚ್ಚು ಕಾಲ ಸ್ವಿಂಗನ್ನು ಬಿಚ್ಚಿ ಬಿಚ್ಚಿ ನೋಡಿ 1969ರಲ್ಲಿ ‘ದ ಗಾಲ್ಫಿಂಗ್ ಮೆಷಿನ್’ ಪ್ರಕಟಿಸಿದ. ಸ್ವಿಂಗಿಗೆ 24 ಬಿಡಿಭಾಗ, ಒಂದೊಂದಕ್ಕೂ ಹಲವು ಬಗೆ, ಒಂದೊಂದು ಬಗೆಗೂ ನಂಬರು, ನಂಬರಿಂದ ನಂಬರಿಗೆ ಕೊಂಡಿ. ಪುಟ ತಿರುಗಿಸಿದರೆ ಸ್ಪೆಕ್ ಡಾಕ್ಯುಮೆಂಟ್ ಓದಿದ ಹಾಗೆ. ನನಗಂತೂ ತುಂಬ ಖುಷಿ ಕೊಟ್ಟ ಪುಸ್ತಕ. ಆದರೆ ಈ ಪದ್ಧತಿಯಲ್ಲಿ ಪಳಗಿದ ಬಾಬಿ ಕ್ಲಾಂಪೆಟ್ 1982ರ ಬ್ರಿಟಿಷ್ ಓಪನ್ನಿನಲ್ಲಿ 67, 66 ಹೊಡೆದು ಐದು ಹೊಡೆತ ಮುಂದಿದ್ದವನು, ಉಳಿದೆರಡು ದಿನ 78, 77 ಹೊಡೆದು ಹತ್ತನೇ ಸ್ಥಾನಕ್ಕೆ ಇಳಿದ. ತಪ್ಪು ಪುಸ್ತಕದ್ದೇ ಅಂತ ನಾನು ಹೇಳಲ್ಲ. ಒತ್ತಡದಲ್ಲಿ ಯಾರ ಕೈಯೂ ನಡುಗುತ್ತದೆ. ಆದರೆ ನಡುಗುವ ಹೊತ್ತಿಗೆ 24 ನಂಬರು ನೆನಪಿದ್ದರೆ ಅದೊಂದು ಹೊರೆಯೇ.

1974ರಲ್ಲಿ ಎರಡು ಸಂಗತಿ ಒಟ್ಟಿಗೆ ಆದವು. ಟೋನಿ ಬುಜಾನ್ ಬಿಬಿಸಿಯ ‘ಯೂಸ್ ಯುವರ್ ಹೆಡ್’ ಕಾರ್ಯಕ್ರಮದಲ್ಲಿ ಮೈಂಡ್ ಮ್ಯಾಪನ್ನು ಮನೆಮನೆಗೆ ಮುಟ್ಟಿಸಿದ: ನಡುವೆ ಒಂದು ಚಿತ್ರ, ಕೊಂಬೆಗೆ ಒಂದೇ ಪದ. ಅದೇ ವರ್ಷ ಟಿಮೊಥಿ ಗಾಲ್ವೆ ಟೆನ್ನಿಸ್ ಬಗ್ಗೆ ಪುಸ್ತಕ ಬರೆದು, ತಲೆಯೊಳಗೆ ಆದೇಶ ಕೊಡುತ್ತಾ ಕೂತವನನ್ನು ಸುಮ್ಮನಾಗಿಸಿ ಅಂದ. ಮುಂದೆ ಗಾಲ್ಫ್ ಆಡುವವರಿಗೆ ಅವನು ಹೇಳಿಕೊಟ್ಟ ಉಪಾಯ ಸರಳ. ಕೋಲು ಹಿಂದೆ ಮುಟ್ಟಿದಾಗ ಬ್ಯಾಕ್, ಚೆಂಡಿಗೆ ತಾಗಿದಾಗ ಹಿಟ್, ನಿಂತಾಗ ಸ್ಟಾಪ್ ಅಂತ ಬಾಯಲ್ಲಿ ಹೇಳೋದು. ಗಾಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು 1999ರಲ್ಲಿ ಹೊಸಬರ ಮೇಲೆ ಪರೀಕ್ಷೆ ಮಾಡಿದಾಗ, ತೋಳಿನ ಕಡೆ ಗಮನ ಕೊಟ್ಟವರಿಗಿಂತ ಕೋಲಿನ ಕಡೆ ಗಮನ ಕೊಟ್ಟವರೇ ಚೆನ್ನಾಗಿ ಕಲಿತರು. ಹಾಗಾದರೆ ಭುಜ, ಸೊಂಟ ಅಂತ ಬರೆದ ನಮ್ಮ ಕೊಂಬೆಗಳೆಲ್ಲ ತಿರುಗಿ ನೋಡಬೇಕಾದವು. 2004ರಲ್ಲಿ ಜಾನ್ ನೊವೊಸೆಲ್ ಇನ್ನೊಂದು ಲೆಕ್ಕ ಮುಂದಿಟ್ಟ. ವೃತ್ತಿಪರ ಆಟಗಾರರ ವೀಡಿಯೊ ಫ್ರೇಮ್ ಎಣಿಸಿದರೆ, ಕೋಲು ಮೇಲೆ ಹೋಗುವುದಕ್ಕೂ ಕೆಳಗೆ ಬರುವುದಕ್ಕೂ ಮೂರಕ್ಕೆ ಒಂದರ ಲೆಕ್ಕ.

ಮೂರಕ್ಕೊಂದು, ಬಾಯಲ್ಲಿ ಹೇಳುವುದು: ಹೊನ್ನಾವರ ಕಡೆಯವರಿಗೆ ಇದು ಹೊಸದಾ? ನಮ್ಮೂರಿಂದ ದಕ್ಷಿಣಕ್ಕೆ ಶರಾವತಿ ದಾಟಿದರೆ ಗುಣವಂತೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಅವರ ಮಗ ಶಂಭು ಹೆಗಡೆಯವರು ದೆಹಲಿಗೆ ಹೋಗಿ ಮಾಯಾ ರಾವ್ ಅವರಲ್ಲಿ ನೃತ್ಯ ಸಂಯೋಜನೆ ಕಲಿತು ಬಂದು, 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಕಲಾಕೇಂದ್ರ ಶುರುಮಾಡಿದರು. ಯಕ್ಷಗಾನದ ಹೆಜ್ಜೆ ಕಲಿಯುವ ಮಕ್ಕಳು ಬಾಯಿತಾಳ ಹೇಳುತ್ತಲೇ ಕುಣಿಯುತ್ತಾರೆ. ಮೊಣಕಾಲು ಎಷ್ಟು ಮಡಚಬೇಕು ಅಂತ ಗುರು ಆಮೇಲೆ ತಿದ್ದುತ್ತಾರೆ, ಮೊದಲು ಬರೋದು ತಾಳ. ಶಿವಮೊಗ್ಗದ ಅಂಧ ಮಕ್ಕಳಿಗೆ ಹೊಸ್ತೋಟ ಮಂಜುನಾಥ ಭಾಗವತರು ಯಕ್ಷಗಾನ ಕಲಿಸಿದರಲ್ಲ, ಅಲ್ಲಿ ಯಾವ ಚಿತ್ರ ತೋರಿಸೋದು, ಯಾವ ನಕ್ಷೆ ಬಿಡಿಸೋದು?

ಹಾಳೆಯೇ ಇಲ್ಲದೆ ಕಲಿತವರು ಗಾಲ್ಫಿನಲ್ಲೂ ಇದ್ದಾರೆ. ಎಸ್. ಚಿಕ್ಕರಂಗಪ್ಪ ಬಿಡದಿ ಹತ್ತಿರದ ಈಗಲ್‌ಟನ್ನಿನಲ್ಲಿ ಬೇರೆಯವರ ಚೆಂಡು ಹೆಕ್ಕುತ್ತಾ ಆಟ ನೋಡಿದ ಹುಡುಗ. ಕೋಚ್ ವಿಜಯ್ ದಿವೇಚಾ ಕೈಯಲ್ಲಿ ಬೆಳೆದು ವೃತ್ತಿಪರನಾದ. ಗಂಟೆಗಟ್ಟಲೆ ನೋಡುವ ಅವಕಾಶ ಆ ಹುಡುಗನಿಗಿತ್ತು. ವಾರಕ್ಕೆ ಒಂದು ಗಂಟೆ ಸಿಗುವ ನಮಗೆ ಹಾಳೆ ಬೇಕೇ ಬೇಕು, ಯಾಕಂದ್ರೆ ಹೋದ ವಾರ ಎಲ್ಲಿ ನಿಲ್ಲಿಸಿದ್ದೆ ಅನ್ನೋದು ಮೈಗೆ ನೆನಪಿರಲ್ಲ.

ಹಾಗಾಗಿ ನನ್ನ ಮೈಂಡ್ ಮ್ಯಾಪನ್ನು ಬಿಸಾಕಿಲ್ಲ, ನಡುವಿನ ಪದ ಬದಲಾಯಿಸಿದ್ದೇನೆ. ಈಗ ಅಲ್ಲಿ ‘ಒಂದ್-ಎರಡ್-ಮೂರ್-ತಾ’ ಅಂತ ಇದೆ. ಕೊಂಬೆ ನಾಲ್ಕೇ: ಹಿಡಿತ, ನಿಲುವು, ಕೋಲಿನ ತುದಿ, ಚೆಂಡು ಹೋಗಬೇಕಾದ ಜಾಗ. ಮನೆಯಲ್ಲಿ ಕೂತು ಯಾವ ಕೊಂಬೆಯ ಕೆಲಸ ಅಂತ ಗುರುತು ಹಾಕಿಕೊಳ್ಳೋದು, ರೇಂಜಿನಲ್ಲಿ ಹಾಳೆ ಬ್ಯಾಗಿನೊಳಗೆ. ಬಾಯಲ್ಲಿ ತಾಳ ಮಾತ್ರ. ಈ ತಿಂಗಳು ಗುರುತು ಬಿದ್ದಿರೋದು ಹಿಡಿತದ ಕೊಂಬೆಗೆ.