ಜೈನ ಆಹಾರಧರ್ಮದಲ್ಲಿ ಸಸ್ಯ ಮತ್ತು ಪ್ರಾಣಿ

ಸಸ್ಯಕ್ಕೂ ಜೀವವಿದೆ ಎಂದು ಒಪ್ಪಿಕೊಂಡೇ ಮಾಂಸವನ್ನು ನಿಷೇಧಿಸಿದ ಧರ್ಮ ಜೈನಧರ್ಮ. 'ಸೊಪ್ಪು ಕೊಯ್ದರೂ ಕೊಲೆಯೇ ಅಲ್ಲವೆ?' ಎಂಬ ಆಕ್ಷೇಪ ಅದಕ್ಕೆ ಹೊರಗಿನಿಂದ ಬಂದದ್ದಲ್ಲ. ಅಲ್ಲಿನ ಆಹಾರ ನಿಯಮಗಳಲ್ಲಿ ಹಲವಕ್ಕೆ ಆ ಪ್ರಶ್ನೆಯೇ ಹಿನ್ನೆಲೆ.

ಜೈನ ಮತದಲ್ಲಿ ಗಿಡಮರಗಳು ಏಕೇಂದ್ರಿಯ ಜೀವಿಗಳು. ಅವಕ್ಕೆ ಸ್ಪರ್ಶವೊಂದೇ ಇಂದ್ರಿಯ. ಹುಳ, ಇರುವೆ, ದುಂಬಿಗಳಿಗೆ ಕ್ರಮವಾಗಿ ಎರಡು, ಮೂರು, ನಾಲ್ಕು ಇಂದ್ರಿಯಗಳು. ದನ, ಹಕ್ಕಿ, ಮನುಷ್ಯರು ಪಂಚೇಂದ್ರಿಯರು. ಸಸ್ಯಕ್ಕಿರುವ ಪ್ರಾಣಗಳು 4 (ಸ್ಪರ್ಶ, ಕಾಯಬಲ, ಉಸಿರಾಟ, ಆಯುಷ್ಯ). ಮನಸ್ಸುಳ್ಳ ಪಂಚೇಂದ್ರಿಯ ಜೀವಿಗೆ 10. ಕೊಲೆಯ ದೋಷ ಈ ಏಣಿಯ ಜೊತೆಗೇ ಏರುತ್ತದೆ. ಸಂಸಾರಿಯಾದ ಶ್ರಾವಕ ಚಲಿಸುವ 'ತ್ರಸ' ಜೀವಿಗಳನ್ನು ಸಂಕಲ್ಪಪೂರ್ವಕವಾಗಿ ಕೊಲ್ಲುವಂತಿಲ್ಲ. ಗಿಡಮರಗಳಂಥ ಚಲಿಸದ 'ಸ್ಥಾವರ'ಗಳ ವಿಷಯದಲ್ಲಿ ಅವನಿಗಿರುವುದು ಮಿತಿ ಮಾತ್ರ.

ಸಸ್ಯಗಳಲ್ಲೂ ಭೇದವುಂಟು. ಒಂದು ದೇಹದಲ್ಲಿ ಒಂದೇ ಜೀವವಿದ್ದರೆ ಅದು ಪ್ರತ್ಯೇಕ ವನಸ್ಪತಿ. ಅನಂತ ಜೀವಗಳು ಒಂದೇ ದೇಹವನ್ನು ಹಂಚಿಕೊಂಡಿದ್ದರೆ ಸಾಧಾರಣ ವನಸ್ಪತಿ ಅಥವಾ ಅನಂತಕಾಯ. ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ, ಮೂಲಂಗಿ, ಹಸಿಶುಂಠಿಗಳು ಈ ಎರಡನೆಯ ಗುಂಪಿಗೆ ಸೇರುವುದರಿಂದ ವರ್ಜ್ಯ. ಒಣಶುಂಠಿ, ಅರಿಶಿನ ನಡೆಯುತ್ತವೆ. ಆಲೂಗಡ್ಡೆಯ ಜಾಗಕ್ಕೆ ಬಾಳೆಕಾಯಿ, ಬೆಳ್ಳುಳ್ಳಿ ಒಗ್ಗರಣೆಯ ಜಾಗಕ್ಕೆ ಇಂಗು ಬರುತ್ತದೆ. ಅತ್ತಿ, ಆಲ, ಅರಳಿಯಂಥ ಐದು ಉದುಂಬರ ಫಲಗಳೂ ನಿಷಿದ್ಧ. ಅತ್ತಿಹಣ್ಣು ಬಿಡಿಸಿ ಒಳಗಿನ ಹುಳ ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ನೀರಿಗೂ ಇದೇ ಎಚ್ಚರ: ಸಂಪ್ರದಾಯಸ್ಥರ ಮನೆಯಲ್ಲಿ ಬಾವಿಯ ನೀರನ್ನು ಇಮ್ಮಡಿ ದಪ್ಪಬಟ್ಟೆಯಲ್ಲಿ ಸೋಸಿ, ಬಟ್ಟೆಯನ್ನು ಮಗುಚಿ ಸೋಸಿದ ನೀರಿನಿಂದಲೇ ಜಾಲಿಸಿ, ಆ ನೀರನ್ನು ಅದೇ ಬಾವಿಗೆ ಮರಳಿ ಬಿಡುತ್ತಾರೆ. ಕಣ್ಣಿಗೆ ಕಾಣದ ಜೀವಿಯೂ ತನ್ನ ನೆಲೆಗೆ ಹಿಂತಿರುಗಲಿ ಎಂಬುದು ಇದರ ಉದ್ದೇಶ.

ಇಲ್ಲೊಂದು ತೊಡಕಿದೆ. ಜೀವಗಳನ್ನು ಎಣಿಸುವುದೇ ಧರ್ಮವಾದರೆ ಒಂದು ಹಿಡಿ ಕಾಳಿಗಿಂತ ಒಂದು ಆನೆಯೇ ಮೇಲಲ್ಲವೆ? ಶ್ವೇತಾಂಬರ ಆಗಮವಾದ ಸೂತ್ರಕೃತಾಂಗದಲ್ಲಿ ಬರುವ ಹಸ್ತಿತಾಪಸರ ವಾದ ಇದೇ. ಉಳಿದ ಜೀವಗಳ ಮೇಲಿನ ಕರುಣೆಯಿಂದ ವರ್ಷಕ್ಕೊಂದು ಆನೆಯನ್ನು ಕೊಂದು ಅದರಲ್ಲೇ ಬದುಕುತ್ತೇವೆ ಎನ್ನುತ್ತಾರೆ ಅವರು. ವರ್ಷಕ್ಕೊಂದೇ ಕೊಂದರೂ ದೋಷ ತಪ್ಪದು, ನಿಮ್ಮ ಲೆಕ್ಕ ಒಪ್ಪಿದರೆ ತಮ್ಮ ಕೈಗೆ ಸಿಗದ ಜೀವಿಗಳನ್ನು ಕೊಲ್ಲದ ಸಂಸಾರಿಗಳೂ ನಿರ್ದೋಷಿಗಳೆನ್ನಬೇಕಾದೀತು ಎಂಬುದು ಅವರಿಗೆ ಜೈನ ಮುನಿ ಆರ್ದ್ರಕನ ಉತ್ತರ. ಉತ್ತರ ಚುರುಕಾದದ್ದೇ, ಆದರೆ ಲೆಕ್ಕದ ಪ್ರಶ್ನೆಯನ್ನು ಅದು ಪೂರ್ತಿ ತೀರಿಸುವುದಿಲ್ಲ. ದಿಗಂಬರ ಆಚಾರ್ಯ ಅಮೃತಚಂದ್ರ ತನ್ನ 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಅದನ್ನು ಮತ್ತೆ ಎತ್ತಿಕೊಂಡು, ಹಲವು ಸಣ್ಣ ಜೀವಗಳ ಬದಲು ಒಂದು ದೊಡ್ಡ ಜೀವವನ್ನು ಕೊಲ್ಲುವುದು ಮೇಲೆಂಬ ಎಣಿಕೆ ಸಲ್ಲದೆನ್ನುತ್ತಾನೆ. ತಾನಾಗಿ ಸತ್ತ ಪ್ರಾಣಿಯ ಮಾಂಸವೂ ಅವನಿಗೆ ಒಪ್ಪಿಗೆಯಲ್ಲ; ಹಸಿಯಿರಲಿ ಬೆಂದಿರಲಿ, ಮಾಂಸದಲ್ಲಿ 'ನಿಗೋದ'ಗಳೆಂಬ ಅತಿಸೂಕ್ಷ್ಮ ಜೀವಿಗಳು ಹುಟ್ಟುತ್ತಲೇ ಇರುತ್ತವೆ ಎಂಬುದು ಅವನ ವಾದ. ತನಗಾಗಿ ಕೊಂದದ್ದೆಂದು ಕಾಣದ, ಕೇಳದ, ಶಂಕಿಸದ ಮಾಂಸವನ್ನು ಬೌದ್ಧ ವಿನಯ ಭಿಕ್ಷುವಿಗೆ ಒಪ್ಪಿದ್ದನ್ನು ನೆನೆದರೆ ಅಂತರ ತಿಳಿಯುತ್ತದೆ.

ಇಂದ್ರಿಯಗಳ ಏಣಿಯ ಜೊತೆಗೆ ಜೈನರು ತೂಗುವ ಮತ್ತೊಂದು ಸಂಗತಿ ಕೊಲ್ಲುವವನ ಮನಸ್ಸು. ಕನ್ನಡದಲ್ಲಿ ಇದಕ್ಕೆ ಜನ್ನನ 'ಯಶೋಧರ ಚರಿತೆ'ಗಿಂತ (1209) ಒಳ್ಳೆಯ ನಿದರ್ಶನ ಸಿಗಲಾರದು. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಯಶೋಧರ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಪದಾರ್ಥವೇನೋ ಧಾನ್ಯ, ಸಂಕಲ್ಪ ಮಾತ್ರ ಕೊಲೆಯದು. ತಾಯಿ ಮಗ ಇಬ್ಬರೂ ನವಿಲು, ನಾಯಿಗಳಾಗಿ, ಮುಂದೆ ಇನ್ನೂ ಹಲವು ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ.

ಮುನಿಯ ಆಹಾರದಲ್ಲಿ ನಿಯಮ ಇನ್ನೂ ಬಿಗಿ. ದಿಗಂಬರ ಮುನಿ ದಿನಕ್ಕೊಮ್ಮೆ ನಿಂತು, ಅಂಗೈಯಲ್ಲೇ ಉಣ್ಣುತ್ತಾನೆ. ಕೂದಲೋ ಹುಳವೋ ಕಂಡರೆ ಅಂತರಾಯವೆಂದು ಅಂದಿನ ಊಟ ಬಿಡುತ್ತಾನೆ. ಅವನು ಕೊಯ್ಯುವುದಿಲ್ಲ, ಒಲೆ ಹಚ್ಚುವುದಿಲ್ಲ. ಆ ಕೆಲಸದ ಹಿಂಸೆ ಗೃಹಸ್ಥನ ಪಾಲಿಗೆ ಉಳಿಯುತ್ತದೆ. ಆಹಾರದಾನದ ಪುಣ್ಯ ಅದಕ್ಕೆ ಪರಿಹಾರವೆಂದು ಸಂಪ್ರದಾಯ ಹೇಳಿದರೂ ಈ ಹಂಚಿಕೆ ಟೀಕೆಗೆ ಹೊರತಲ್ಲ.

ಹಾಲು, ತುಪ್ಪಗಳಿಗೆ ಸಾಂಪ್ರದಾಯಿಕವಾಗಿ ನಿಷೇಧವಿಲ್ಲ. ಕರುವಿಗೆ ಬಿಟ್ಟು ಕರೆಯುತ್ತಿದ್ದ ಮನೆಯ ಹಸು ಆ ನಿಯಮದ ಹಿಂದಿದೆ. ಯಂತ್ರದಲ್ಲಿ ಹಾಲು ಕರೆದು ಗಂಡುಕರುವನ್ನು ಕಸಾಯಿಖಾನೆಗೆ ಸಾಗಿಸುವ ಇಂದಿನ ಹೈನೋದ್ಯಮಕ್ಕೆ ಹಳೆಯ ಅನುಮತಿ ಸಲ್ಲುವುದೇ ಎಂದು ಇಂಗ್ಲೆಂಡ್, ಅಮೆರಿಕಗಳಲ್ಲಿ ನೆಲೆಸಿದ ಜೈನರಲ್ಲಿ ಹಲವರು ಕೇಳುತ್ತಿದ್ದಾರೆ. ಕೆಲವರು ಹಾಲನ್ನೇ ಬಿಟ್ಟಿದ್ದಾರೆ.